ಹಿತ್ತಲಲ್ಲಿ ಐದು ಕೋಳಿ: ನಾನು ಸಾಕಿದ್ದು ಹೀಗೆ

ಮಂಡ್ಯದಲ್ಲಿ ನಮ್ಮ ಹಿತ್ತಲು ಮುಗಿದ ಕಡೆ ಕಬ್ಬಿನ ಗದ್ದೆ ಶುರುವಾಗುತ್ತದೆ. ಕಬ್ಬು ಅಂದಮೇಲೆ ಮುಂಗುಸಿ ಇದ್ದದ್ದೇ. ಆದರೆ ಎಲ್ಲರ ಹಾಗೆ ನಾನೂ ಭಯ ಇರೋದು ರಾತ್ರಿಗೆ ಅಂದುಕೊಂಡಿದ್ದೆ. ಮುಂಗುಸಿ ಬರುವುದು ಹಗಲಲ್ಲಿ. ಒಂದು ಮಧ್ಯಾಹ್ನ ಮದುವೆ ಊಟ ಮುಗಿಸಿ ಬಂದರೆ, ಬಲೆಯ ಕೆಳಗೆ ಮಣ್ಣು ಕೆರೆದು ಒಳಗೆ ನುಗ್ಗಿತ್ತು, ಎರಡು ಹೇಟೆ ಸತ್ತು ಬಿದ್ದಿದ್ದವು. ಅವತ್ತು ತುಂಬಾ ಸಂಕಟವಾಯಿತು.

ಆಮೇಲೆ ಗೂಡನ್ನೇ ಹೊಸದಾಗಿ ಕಟ್ಟಿದೆ. ತೆಳ್ಳನೆಯ ಕೋಳಿ ಬಲೆ ಬಿಟ್ಟು ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ತಂದು, ಸುತ್ತ 1 ಅಡಿ ಮಣ್ಣಿನೊಳಗೆ ಹೂತೆ. ದುಡ್ಡು ಜಾಸ್ತಿಯೇ ಆಯಿತು, ಆದರೆ ಕೋಳಿಗಿಂತ ಮೊದಲು ಗೂಡಿಗೆ ಖರ್ಚು ಮಾಡಿ ಅಂತಲೇ ಹೇಳುತ್ತೇನೆ. ಒಳಗೆ ಕೂರಲು ಒಂದು ಅಡ್ಡಗೋಲು, ನೆಲಕ್ಕೆ ಭತ್ತದ ಹೊಟ್ಟು, ಮೂಲೆಯಲ್ಲಿ ಮಣ್ಣು ಬೂದಿ ಬೆರೆಸಿದ ಗುಂಡಿ. ಅದರಲ್ಲಿ ಹೊರಳಾಡಿದರೆ ಹೇನಿನ ಕಾಟ ಕಮ್ಮಿ.

ಈ ಸಲ ತಂದದ್ದು ಸ್ವರ್ಣಧಾರ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಬೆಳೆಸಿದ ತಳಿ. ನಾಟಿ ಕೋಳಿ ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂತುಬಿಡುತ್ತದೆ. ಮರಿ ಬೇಕಾದವರಿಗೆ ಅದೇ ಸರಿ, ನನಗೆ ಮೊಟ್ಟೆ ಬೇಕಿತ್ತು. ಕೊಕ್ಕರೆ ರೋಗದ (ಕೋಳಿಗೆ ಬರುವ ರಾಣಿಖೇತ್ ಕಾಯಿಲೆ) ಲಸಿಕೆ ಆಗಿರುವ, ಎರಡು ತಿಂಗಳು ದಾಟಿದ ಪಿಳ್ಳೆಗಳನ್ನೇ ಕೇಳಿ ತನ್ನಿ.

ಮೊಟ್ಟೆ ಶುರುವಾದ ಹೊಸದರಲ್ಲಿ ಒಂದು ದಿನ ಕೈಗೆ ಸಿಕ್ಕಿದ ಮೊಟ್ಟೆ ನೀರು ತುಂಬಿದ ಬಲೂನಿನ ಹಾಗೆ ಮೆತ್ತಗೆ, ಬೆರಳು ಒತ್ತಿದರೆ ಗುಳಿ ಬೀಳುತ್ತಿತ್ತು. ಚಿಪ್ಪೇ ಕಟ್ಟಿರಲಿಲ್ಲ. ಬರೀ ರಾಗಿ, ನುಚ್ಚು ಹಾಕುತ್ತಿದ್ದೆ, ಸುಣ್ಣದ ಅಂಶ ಎಲ್ಲಿಂದ ಬರಬೇಕು? ನಮ್ಮತ್ತೆ ನೋಡಿದವರೇ, "ಅಡುಗೆಮನೆ ಚಿಪ್ಪ ಎಸೀಬ್ಯಾಡ ಕಣವ್ವ, ಅದ್ರದ್ದೇ ಅದಕ್ಕೆ ಹಾಕು" ಅಂದರು. ಅಂದಿನಿಂದ ಚಿಪ್ಪನ್ನು ಒಣಗಿಸಿ, ಹುರಿದು, ಸಣ್ಣಗೆ ಕುಟ್ಟಿ ಬೇರೆ ತಟ್ಟೆಯಲ್ಲಿ ಇಡುತ್ತೇನೆ. ಹಾಗೇ ಹಾಕಬೇಡಿ, ರುಚಿ ಹತ್ತಿದರೆ ಮೊಟ್ಟೆಯನ್ನೇ ಕುಕ್ಕಿ ತಿನ್ನುತ್ತವೆ. ಜೊತೆಗೆ ಅಂಗಡಿಯ ಲೇಯರ್ ಫೀಡ್ (ಮೊಟ್ಟೆ ಇಡುವ ಕೋಳಿಗೆಂದೇ ಮಾಡಿದ ಆಹಾರ), ಕೋಳಿಗೆ ದಿನಕ್ಕೆ ಸುಮಾರು 100 ಗ್ರಾಂ. ಹೊರಗೆ ಮೇಯುವುದರಿಂದ ಅಷ್ಟು ಸಾಕಾಗುತ್ತದೆ.

ಈಗ ಒಂದು ಹೇಟೆ ಪುಕ್ಕ ಉದುರಿಸುತ್ತಿದೆ, ಮೊಟ್ಟೆ ನಿಲ್ಲಿಸಿದೆ. "ಸಾರು ಮಾಡಿ" ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಎರಡು ಮೂರು ತಿಂಗಳು ಬಿಟ್ಟರೆ ಹೊಸ ಪುಕ್ಕ ಬಂದು ಮತ್ತೆ ಇಡುತ್ತದೆ, ಅದಕ್ಕೇ ಕಡಲೆಕಾಯಿ ಹಿಂಡಿ ಸ್ವಲ್ಪ ಜಾಸ್ತಿ ಹಾಕಿ ಕಾಯುತ್ತಿದ್ದೇನೆ.