ಖರ್ಚು ಕಡಿಮೆ, ಕೋಣೆಗೆ ಕಳೆ ಜಾಸ್ತಿ

ಹೊಸದಾಗಿ ಮದುವೆಯಾದವರಿಗೂ ಮದುವೆಯಾಗಿ ಇಪ್ಪತ್ತು ವರ್ಷ ಕಳೆದವರಿಗೂ ಒಂದು ಆಸೆ ಸಮಾನ. ಮಲಗುವ ಕೋಣೆ ಸ್ವಲ್ಪ ಚೆಂದ ಇರಬೇಕು, ಒಳಗೆ ಹೋದ ಕೂಡಲೇ ಮನಸ್ಸು ಹಗುರಾಗಬೇಕು. ಮೊಬೈಲಿನಲ್ಲಿ ಕಾಣುವ ಕೋಣೆಗಳಲ್ಲಿ ದಪ್ಪ ಕಾರ್ಪೆಟ್, ವೆಲ್ವೆಟ್ ಪರದೆ, ಗೋಡೆಗೆ ವಾಲ್‌ಪೇಪರ್. ಅದನ್ನೇ ತಂದು ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಹಾಕಿದರೆ ಏನಾಗುತ್ತದೆ? ಜುಲೈ ಮುಗಿಯುವುದರೊಳಗೆ ಕಾರ್ಪೆಟ್ ವಾಸನೆ ಹೊಡೆಯುತ್ತದೆ, ವಾಲ್‌ಪೇಪರ್ ಮೂಲೆಯಿಂದ ಏಳುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಕಾಸರಗೋಡು ಜಿಲ್ಲೆ ನಮ್ಮದು. ಇಲ್ಲಿ ಕೋಣೆ ಮೊದಲು ಒಣಗಿರಬೇಕು. ಆಮೇಲೆ ಬೆಳಕು, ಅದರ ನಂತರ ಬಟ್ಟೆ. ಗೋಡೆಯ ಬಣ್ಣ ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ತಪ್ಪದಿದ್ದರೆ 5,000 ರೂಪಾಯಿಯೊಳಗೆ ಕೆಲಸ ಮುಗಿಸಬಹುದು.

ಕಪಾಟಿನ ಮೇಲಿನದ್ದು ಕೆಳಗಿಳಿಯಲಿ

ಶುರು ಮಾಡುವುದು ಇಲ್ಲಿಂದ. ಗಲ್ಫಿನಲ್ಲಿ ಯಾರಾದರೂ ಇರುವ ಮನೆಯಾದರೆ ಕಪಾಟಿನ ಮೇಲೆ ಎರಡು ಸೂಟ್‌ಕೇಸ್, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ಅದರ ಮೇಲೆ ಹುಲಿ ಚಿತ್ರದ ದಪ್ಪ ಕಂಬಳಿ ಇದ್ದೇ ಇರುತ್ತದೆ. ಎಲ್ಲವನ್ನೂ ಬೇರೆ ಕಡೆಗೆ ಸಾಗಿಸಿ. ರಟ್ಟು ತೇವ ಹೀರುತ್ತದೆ, ಬೂಷ್ಟು ಹಿಡಿಯುವುದೂ ಅಲ್ಲಿಯೇ ಮೊದಲು. ಇಸ್ತ್ರಿ ಮೇಜು, ಹಳೆಯ ಪೇಪರ್ ಕಟ್ಟು, ಮಂಚದ ಅಡಿಯ ಡಬ್ಬಗಳಿಗೂ ಇದೇ ಮಾತು. ಒಂದು ರೂಪಾಯಿ ಖರ್ಚಿಲ್ಲದೆ ಅರ್ಧ ಕೋಣೆ ಚೆಂದ ಆಗಿಬಿಡುತ್ತದೆ.

ತೇವಕ್ಕೆ ಮದ್ದು

ಗೋಡೆಯೇ ನೀರು ಹೀರುತ್ತಿದೆಯೋ ಅಥವಾ ಕೋಣೆಯ ಗಾಳಿಯಲ್ಲಿ ತೇವ ಇದೆಯೋ ಎಂದು ಮೊದಲು ತಿಳಿದುಕೊಳ್ಳಿ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಬದಿಗೆ ಟೇಪ್ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಪ್ಲಾಸ್ಟಿಕ್‌ನ ಒಳಬದಿಯಲ್ಲಿ ಹನಿ ಕಂಡರೆ ನೀರು ಗೋಡೆಯಿಂದ ಬರುತ್ತಿದೆ. ಹೊರಗಿನ ಪೈಪ್, ಒಡೆದ ಹಂಚು, ಮಾಡಿನ ನೀರು ಬಡಿಯುವ ಜಾಗ ಹುಡುಕಿ ಸರಿಮಾಡಿಸದೆ ಏನು ಬಳಿದರೂ ದಂಡ. ಹೊರಬದಿಯಲ್ಲಿ ಹನಿ ಕಂಡರೆ ತೊಂದರೆ ಗಾಳಿಯದು. ಅದಕ್ಕೆ ಖರ್ಚು ಬೇಕಿಲ್ಲ.

ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲೇ ಹಗ್ಗ ಕಟ್ಟಿ ಒಣಗಿಸುತ್ತೇವೆ, ಅಲ್ವಾ? ಒಂದು ಬಕೆಟ್ ಬಟ್ಟೆಯಿಂದ ಒಂದೆರಡು ಲೀಟರ್ ನೀರು ಗಾಳಿಗೆ ಸೇರುತ್ತದೆ. ಅದು ಹಾಸಿಗೆಗೆ, ದಿಂಬಿಗೆ, ಗೋಡೆಗೆ ಹೋಗಿ ಕೂರುತ್ತದೆ. ಹಗ್ಗವನ್ನು ಜಗಲಿಗೋ ಹಿಂದಿನ ಚಾವಡಿಗೋ ಸ್ಥಳಾಂತರಿಸಿ. ಮಂಚವನ್ನೂ ಕಪಾಟನ್ನೂ ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯಿರಿ. ಹಿಂದೆ ಗಾಳಿ ಆಡಿದರೆ ಕಪ್ಪು ಕಲೆ ಏಳುವುದಿಲ್ಲ. ಈಗಾಗಲೇ ಬೂಷ್ಟು ಇದ್ದರೆ ಬ್ಲೀಚಿಂಗ್ ಪೌಡರ್ ಕದಡಿದ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ. ಕಿಟಕಿ ತೆರೆದಿರಲಿ, ಕೈಗೆ ಗ್ಲೌಸ್ ಇರಲಿ. ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಅದರ ಜೊತೆ ಸೇರಿಸಲೇಬೇಡಿ, ವಿಷದ ಗಾಳಿ ಬರುತ್ತದೆ. ಹತ್ತಿ ಹಾಸಿಗೆಯಾದರೆ ಬಿಸಿಲು ಬಿದ್ದ ದಿನ ಎರಡೂ ಮಗ್ಗುಲು ಕಾಯಿಸಿ.

ಬೆಳಕು

ಹಣ ಹಾಕುವುದಾದರೆ ಮೊದಲು ಇಲ್ಲಿ ಹಾಕಿ. ನಮ್ಮ ಕೋಣೆಗಳಲ್ಲಿ ಸಾಮಾನ್ಯವಾಗಿ ಗೋಡೆಯ ಮೇಲೊಂದು ಬಿಳಿ ಟ್ಯೂಬ್‌ಲೈಟ್. ಆ ಬೆಳಕಿನಲ್ಲಿ ಅಕ್ಕಿ ಆರಿಸಬಹುದು, ಪ್ರೀತಿಯ ಮಾತು ಹೊರಡುವುದಿಲ್ಲ. ಅದನ್ನು ಕಿತ್ತು ಹಾಕಬೇಕಾಗಿಲ್ಲ. ಕಳೆದುಹೋದ ಕಿವಿಯೋಲೆ ಹುಡುಕಲು ಬೇಕಾಗುತ್ತದೆ. ರಾತ್ರಿಗೆ ಬೇರೆ ದೀಪ ಇರಲಿ ಅಷ್ಟೆ.

ಎಲ್‌ಇಡಿ ಬಲ್ಬಿನ ಪೆಟ್ಟಿಗೆಯ ಮೇಲೆ ಬಣ್ಣದ ಅಂಕಿ ಬರೆದಿರುತ್ತದೆ. 6500ಕೆ ಎಂದಿದ್ದರೆ ನೀಲಿ ಛಾಯೆಯ ಬಿಳಿ. ನಿಮಗೆ ಬೇಕಾದದ್ದು 2700ಕೆ, ಅಂದರೆ ಹಳೆಯ ಕಾಲದ ಬಲ್ಬಿನ ಹಳದಿ. ಅಂಗಡಿಯಲ್ಲಿ 'ವಾರ್ಮ್ ವೈಟ್' ಎಂದು ಕೇಳಿ. 5 ವ್ಯಾಟಿನ ಎರಡು ಸಾಕು, ಜಾಸ್ತಿ ಬೇಡ. ಹೋಲ್ಡರ್, ಎರಡು ಮೀಟರ್ ವಯರ್, ನಡುವೆ ಸ್ವಿಚ್, ತುದಿಗೆ ಪ್ಲಗ್: ಇಷ್ಟನ್ನು ಜೋಡಿಸಿ ಕೊಡಲು ಎಲೆಕ್ಟ್ರಿಕಲ್ ಅಂಗಡಿಯವರಿಗೆ ಹೇಳಿ. ದೀಪ ತಲೆಯ ಮೇಲೆ ಬೇಡ. ಮಂಚದ ಎರಡು ಬದಿಗೆ, ಕುಳಿತಾಗ ಭುಜದ ಮಟ್ಟಕ್ಕೆ ಬರಲಿ. ಬಲ್ಬ್ ಕಣ್ಣಿಗೆ ಬೀಳದೆ ಗೋಡೆಗೆ ಬಿದ್ದ ಬೆಳಕು ಮಾತ್ರ ಕಾಣಬೇಕು.

ಅದಕ್ಕೊಂದು ಮರೆ ಬೇಕಲ್ಲ, ತೋಟದಲ್ಲೇ ಬಿದ್ದಿರುತ್ತದೆ. ಸೀಳಿಲ್ಲದ ಅಗಲದ ಅಡಿಕೆ ಹಾಳೆ ಆರಿಸಿ ತನ್ನಿ. ಚೆನ್ನಾಗಿ ತೊಳೆದು, ಮೆತ್ತಗಾಗುವವರೆಗೆ ನೀರಿನಲ್ಲಿ ನೆನೆಸಿಡಿ. ಅಂಚು ನೇರ ಕತ್ತರಿಸಿ, ಎಣ್ಣೆ ಡಬ್ಬದ ಸುತ್ತ ಸುತ್ತಿ, ಹಗ್ಗದಿಂದ ಬಿಗಿದು ಬಿಸಿಲಿಗಿಡಿ. ಪೂರ್ತಿ ಒಣಗಿದ ಮೇಲೆ ಬಿಚ್ಚಿದರೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ಎರಡು ಅಂಚು ಕೂಡುವಲ್ಲಿ ದಬ್ಬಣದಿಂದ ತೂತು ಮಾಡಿ ತೆಂಗಿನ ಹುರಿಯಲ್ಲಿ ಹೊಲಿಯಿರಿ. ಹಾಳೆಯ ಮೂಲಕ ಬೆಳಕು ಹಾಯುವುದು ಕಡಿಮೆ. ಮೇಲಕ್ಕೂ ಕೆಳಕ್ಕೂ ಹರಿದು ಗೋಡೆಗೆ ಬೀಳುತ್ತದೆ, ನಮಗೆ ಬೇಕಾದದ್ದೂ ಅದೇ. ಹಾಳೆಗೂ ಬಲ್ಬಿಗೂ ಮೂರು ಇಂಚು ಅಂತರ ಇರಲಿ, ಎಲ್‌ಇಡಿ ಬಿಟ್ಟು ಬೇರೆ ಬಲ್ಬ್ ಹಾಕಬೇಡಿ. ಮಳೆಗಾಲಕ್ಕೆ ಮುಂಚೆ ಇನ್ನೊಮ್ಮೆ ಬಿಸಿಲು ತೋರಿಸಿ.

ಸೀರಿಯಲ್ ಲೈಟ್ ಬೇಕೆನ್ನುವವರು ಒಂದೇ ಬಣ್ಣದ್ದು, ಮಿಣುಕದ್ದು ತನ್ನಿ. ಕೆಂಪು ಹಸಿರು ಮಿಣುಕಿದರೆ ಆಯನದ, ಅಂದರೆ ಜಾತ್ರೆಯ, ಗದ್ದೆಗೆ ಬಂದಂತಾಗುತ್ತದೆ.

ಪರದೆ, ಹಾಸು

ಪರದೆಗೆ ಹೊಸ ಬಟ್ಟೆ ಕೊಳ್ಳುವುದು ನನ್ನ ಲೆಕ್ಕದಲ್ಲಿ ದುಂದು. ಹಳೆಯ ಹತ್ತಿ ಸೀರೆ ಇದೆಯಲ್ಲ. ನಮ್ಮೂರಿನ ಕಾಸರಗೋಡು ಸೀರೆಗೆ ಜಿಐ ಟ್ಯಾಗ್ (ಊರಿನ ಹೆಸರಿಗೆ ಸಿಗುವ ಸರಕಾರಿ ಗುರುತು) ಕೂಡ ಇದೆ. ಹತ್ತಿಯ ನೂಲು, ಒಡಲಲ್ಲಿ ಗೆರೆಯೋ ಚೌಕುಳಿಯೋ, ಅಂಚು ಗಟ್ಟಿ. ಉಟ್ಟು ಉಟ್ಟು ಮೆತ್ತಗಾದ ಅಂಥ ಸೀರೆ ಕಿಟಕಿಗೆ ಇಳಿಬಿಟ್ಟರೆ ಬೆಳಗಿನ ಬಿಸಿಲು ಸೋಸಿ ಬರುತ್ತದೆ. ರೇಷ್ಮೆ ಬೇಡ, ಬಿಸಿಲಿಗೆ ಹರಿಯುತ್ತದೆ. ಕತ್ತರಿ ಹಾಕುವ ಮೊದಲು ಅಮ್ಮನನ್ನೋ ಅತ್ತೆಯನ್ನೋ ಒಂದು ಮಾತು ಕೇಳಿ. ಕೇಳದೆ ಕತ್ತರಿಸಿದರೆ ಮುಂದಿನದ್ದಕ್ಕೆ ಈ ಲೇಖನ ಜವಾಬ್ದಾರಿಯಲ್ಲ.

ಲೆಕ್ಕ ಹೀಗೆ. ಸೀರೆಯ ಉದ್ದ ಸಾಮಾನ್ಯವಾಗಿ ಐದೂವರೆ ಮೀಟರ್, ಅಂದರೆ 18 ಅಡಿ. ಅಗಲ ಸುಮಾರು 45 ಇಂಚು. ನಡುವೆ ಕತ್ತರಿಸಿದರೆ 9 ಅಡಿಯ ಎರಡು ಪರದೆ. ನಾಲ್ಕು ಅಡಿ ಅಗಲದ ಕಿಟಕಿಗೆ ರಾಡನ್ನು ಎರಡೂ ಬದಿಗೆ ಅರ್ಧ ಅಡಿ ಚಾಚಿ ಹಾಕಿ, ಒಟ್ಟು ಐದು ಅಡಿ. ಬಟ್ಟೆ ಏಳೂವರೆ ಅಡಿ ಇರುವುದರಿಂದ ನೆರಿಗೆಗೆ ಸಾಕಾಗುತ್ತದೆ. ರಾಡ್ ಕಿಟಕಿಯ ಚೌಕಟ್ಟಿಗಿಂತ ಅರ್ಧ ಅಡಿ ಮೇಲಿರಲಿ, ಆಗ ಕೋಣೆಯ ಮಾಡು ಎತ್ತರ ಕಾಣುತ್ತದೆ. ನೆಲದಿಂದ ಏಳೂವರೆ ಅಡಿಗೆ ರಾಡ್ ಬಂದರೆ ಮೇಲಿನ ಮಡಿಕೆ, ಕೆಳಗಿನ ಮಡಿಕೆ ಕಳೆದೂ ಬಟ್ಟೆ ಮಿಗುತ್ತದೆ. ನೆಲ ಒರೆಸುವಾಗ ಒದ್ದೆಯಾಗದ ಹಾಗೆ ಎರಡು ಇಂಚು ಮೇಲೆ ನಿಲ್ಲಿಸಿ. ಸೆರಗು ಒಂದು ಪರದೆಗೆ ಮಾತ್ರ ಬರುತ್ತದೆ. ಅದು ಕೆಳಗೆ ಬರುವಂತೆ ಹೊಲಿಸಿ, ಚೆಂದವೇ. ಇಷ್ಟವಾಗದಿದ್ದರೆ ಕಿಟಕಿಯಷ್ಟೇ ಉದ್ದದ ಪರದೆ ಮಾಡಿಸಿ ಸೆರಗಿನಿಂದ ದಿಂಬಿನ ಕವರು ಹೊಲಿಸಿ.

ಹಾಸು ಮಾತ್ರ ಹೊಸದಿರಲಿ. ಕಣ್ಣೂರಿನ ಕೈಮಗ್ಗದ ಹಾಸುಗಳು ಪಕ್ಕದ ಜಿಲ್ಲೆಯವು, ಬಾಳಿಕೆ ಒಳ್ಳೆಯದು. ಆರು ಅಡಿ ಅಗಲದ ಹಾಸಿಗೆಗೆ 90 ಇಂಚು ಅಗಲ, 108 ಇಂಚು ಉದ್ದದ್ದು ನೋಡಿ ತನ್ನಿ. ಬಣ್ಣ ಪರದೆಯ ಅಂಚಿನಿಂದ ಆರಿಸಿ. ಹುಲಿ ಕಂಬಳಿಗೆ ಇಲ್ಲಿ ಜಾಗವಿಲ್ಲ.

ತಲೆಬದಿಯ ಗೋಡೆ ಬೋಳಾಗಿ ಕಂಡರೆ ಕೇದಗೆ ಜಾತಿಯ ಮುಂಡೇವಿನ ಚಾಪೆ ತೂಗುಹಾಕಿ, ಕಡುಬಿನ ಮೂಡೆ ಕಟ್ಟುವ ಅದೇ ಓಲೆಯದ್ದು. ನೇರ ಗೋಡೆಗೆ ಒತ್ತಬೇಡಿ. ಎರಡು ಮರದ ರೀಪು ಹೊಡೆದು ಅದರ ಮೇಲೆ ಕಟ್ಟಿ, ಹಿಂದೆ ಒಂದು ಇಂಚು ಗಾಳಿ ಇರಲಿ.

ಸೊಳ್ಳೆಪರದೆಯೂ ಅಲಂಕಾರವೇ

ಸಿನಿಮಾದ ರಾಜಕುಮಾರಿಯ ಮಂಚಕ್ಕೆ ಇಳಿಬಿಟ್ಟ ಬಿಳಿ ಬಟ್ಟೆ ನಮಗೆ ಹೇಗೂ ಬೇಕಾದದ್ದೇ. ನೀಲಿ, ಗುಲಾಬಿ ಬಿಟ್ಟು ಬಿಳಿ ಹತ್ತಿಯ ಸೊಳ್ಳೆಪರದೆ ತನ್ನಿ. ಅಟ್ಟದಲ್ಲಿ ಅಜ್ಜನ ಕಾಲದ ನಾಲ್ಕು ಕಂಬದ ಮಂಚ ಇದ್ದರೆ ನಿಮ್ಮ ಅದೃಷ್ಟ. ಕಂಬಕ್ಕೆ ಕಟ್ಟಿ, ಹಗಲು ರಿಬ್ಬನ್‌ನಲ್ಲಿ ಬದಿಗೆ ಬಿಗಿದರಾಯಿತು. ಕಂಬವಿಲ್ಲದ ಮಂಚಕ್ಕೆ ಬಳೆ ಹಾಕಿದ ಗುಂಡು ಪರದೆ. ಫ್ಯಾನಿಗೆ ಸಿಕ್ಕದ ಹಾಗೆ ಕೊಕ್ಕೆಯನ್ನು ತಲೆಬದಿಗೆ ಹಾಕಿ. ಪರದೆಯ ಹತ್ತಿರ ಮೋಂಬತ್ತಿ ಖಂಡಿತ ಬೇಡ.

ಸದ್ದು, ಪರಿಮಳ

ಕೂಡು ಕುಟುಂಬದ ಮನೆಯಲ್ಲಿ ಕಿರ್ ಎನ್ನುವ ಮಂಚದ ಕಷ್ಟ ಗೊತ್ತಿದ್ದವರಿಗೇ ಗೊತ್ತು. ಮಂಚದ ಬೋಲ್ಟುಗಳನ್ನು ಬಿಗಿ ಮಾಡಿ. ಮರದ ಕೀಲು ಸಡಿಲಿದ್ದರೆ ಬಿಚ್ಚಿ, ಮೋಂಬತ್ತಿ ಉಜ್ಜಿ ಮತ್ತೆ ಕೂರಿಸಿ. ಕಾಲು ಅಲುಗಿದರೆ ಅಡಿಗೆ ರಬ್ಬರ್ ತುಂಡು. ಬಾಗಿಲಿನ ಬಿಜಾಗ್ರಿಗೆ ಹೊಲಿಗೆ ಮಿಷನ್ ಎಣ್ಣೆ ಎರಡು ಹನಿ ಬಿಡಿ. ತೆಂಗಿನೆಣ್ಣೆ ಆಗದು, ಸ್ವಲ್ಪ ದಿನಕ್ಕೆ ಅಂಟಾಗುತ್ತದೆ. ಚಿಲಕ ಸರಿಯಾಗಿ ಬೀಳುತ್ತದೋ ನೋಡಿ. ಇವಕ್ಕೆಲ್ಲ ಸೇರಿ ನೂರು ರೂಪಾಯಿ ಆಗುವುದಿಲ್ಲ, ಆದರೆ ಇಡೀ ಪಟ್ಟಿಯಲ್ಲಿ ಮುಖ್ಯವಾದದ್ದು ಇದೇ ಇರಬಹುದು.

ಪರಿಮಳಕ್ಕೆ ರೂಮ್ ಸ್ಪ್ರೇ ಬೇಡ. ಊದುಬತ್ತಿ ಹಚ್ಚಿದರೆ ದೇವರ ಕೋಣೆಯ ನೆನಪಾಗುತ್ತದೆ. ಮಲ್ಲಿಗೆ ಅಟ್ಟೆ ಸಂಜೆಗೆ ಚೆನ್ನ, ಮರುದಿನಕ್ಕೆ ಬಾಡುತ್ತದೆ. ರೆಂಜೆ (ಬಕುಳ) ಹೂವು, ಸುರಗಿ ಹೂವು ಹಾಗಲ್ಲ, ಒಣಗಿದರೂ ಪರಿಮಳ ಬಿಡುವುದಿಲ್ಲ. ತೆಳು ಬಟ್ಟೆಯಲ್ಲಿ ಕಟ್ಟಿ ದಿಂಬಿನ ಹತ್ತಿರ ಇಡಿ. ಕಪಾಟಿಗೆ ಲಾವಂಚದ ಬೇರು. ನುಸಿಗುಳಿಗೆಯ ವಾಸನೆ ಇರುವ ಹಾಸನ್ನು ಗಾಳಿಗೆ ಹರವದೆ ಹಾಸಬೇಡಿ.

ಬಣ್ಣ ಬೇಕೇ ಬೇಕಾದರೆ

ಇಷ್ಟಾದ ಮೇಲೆ ಹೆಚ್ಚಿನವರಿಗೆ ಬೇಡವೆನ್ನಿಸುತ್ತದೆ. ಹಾಸು, ಸೊಳ್ಳೆಪರದೆ, ದೀಪ, ಪರದೆಯ ರಾಡ್, ಹೊಲಿಗೆ ಕೂಲಿ ಎಲ್ಲ ಸೇರಿದರೂ ಕೈಯಲ್ಲಿ ಸ್ವಲ್ಪ ಮಿಕ್ಕಿರುತ್ತದೆ. ಬಣ್ಣ ಬೇಕೆಂದೇ ಇದ್ದರೆ ನಾಲ್ಕು ಗೋಡೆಗೂ ಬಳಿಯಬೇಡಿ, ತಲೆಬದಿಯ ಒಂದೇ ಗೋಡೆ ಸಾಕು. ಹತ್ತು ಅಡಿ ಉದ್ದ, ಹತ್ತು ಅಡಿ ಎತ್ತರದ ಗೋಡೆಗೆ ಎರಡು ಕೋಟ್ ಬಳಿಯಲು ಎರಡು ಲೀಟರ್ ಎಮಲ್ಷನ್ ಬೇಕಾಗುತ್ತದೆ. ಕಾವಿಯ ಛಾಯೆ ಆರಿಸಿದರೆ 2700ಕೆ ಬೆಳಕಿಗೆ ಚೆನ್ನಾಗಿ ಹೊಂದುತ್ತದೆ. ಮಳೆ ನಿಂತ ಕೂಡಲೇ ಬ್ರಶ್ ಹಿಡಿಯಬೇಡಿ. ಅಕ್ಟೋಬರ್-ನವೆಂಬರಿನ ತುಲಾ ಮಳೆ ಮುಗಿದು ಗೋಡೆ ಒಣಗಲಿ. ಡಿಸೆಂಬರ್ ಕೊನೆಗೆ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಇನ್ನೊಮ್ಮೆ ಮಾಡಿ, ಹನಿ ಕಾಣದಿದ್ದರೆ ಜನವರಿಯಲ್ಲಿ ಬಳಿಯಿರಿ.