ಸ್ಲಿಪರ್ ಕ್ಲಚ್‌ಗೆ ತಿರುಗಿಸೋ ಸ್ಕ್ರೂ ಇಲ್ಲ

ತೀರ್ಥಹಳ್ಳಿಯಿಂದ ಉಡುಪಿಗೆ ತಿಂಗಳಿಗೆ ಎರಡು ಸಲವಾದರೂ ಬೈಕಲ್ಲಿ ಹೋಗುತ್ತೇನೆ. ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ಗಡಿಬಿಡಿಯಲ್ಲಿ ಗೇರ್ ಮೂರರಿಂದ ಎರಡಕ್ಕೆ ಹಾಕಿದರೂ ಹಿಂದಿನ ಚಕ್ರ ಕುಪ್ಪಳಿಸುವುದಿಲ್ಲ. ಅದು ಸ್ಲಿಪರ್ ಕ್ಲಚ್ ಪುಣ್ಯ, ಅಂದರೆ ಜೋರಾಗಿ ಗೇರ್ ಇಳಿಸಿದಾಗ ತಾನೇ ಸ್ವಲ್ಪ ಜಾರಿಕೊಡುವ ಕ್ಲಚ್.

ಗ್ಯಾರೇಜಿಗೆ ಹೋಗಿ "ಸ್ಲಿಪರ್ ಸ್ವಲ್ಪ ಅಡ್ಜಸ್ಟ್ ಮಾಡಿ" ಅನ್ನುವವರಿದ್ದಾರೆ. ನಾವು ಓಡಿಸುವ ಬೈಕುಗಳಲ್ಲಿ ಹಾಗೆ ಹೊರಗಿನಿಂದ ಮಾಡುವಂಥದ್ದು ಏನೂ ಇಲ್ಲ. ಒಳಗೆ ಇಳಿಜಾರಾಗಿ ಕೊರೆದ ರ‍್ಯಾಂಪ್‌ಗಳಿವೆ. ಎಂಜಿನ್ ಎಳೆಯುವಾಗ ಅವು ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುತ್ತವೆ. ಅದಕ್ಕೇ ಸ್ಪ್ರಿಂಗ್ ಮೆತ್ತಗಿದ್ದರೂ ಸಾಕು, ಕ್ಲಚ್ ಲಿವರ್ ಹಗುರ. ಚಕ್ರವೇ ಎಂಜಿನ್ನನ್ನು ತಿರುಗಿಸಲು ಹೊರಟರೆ ಅದೇ ರ‍್ಯಾಂಪ್ ಒತ್ತಡ ಸಡಿಲಿಸಿ, ಪ್ಲೇಟು ಸ್ವಲ್ಪ ಜಾರುತ್ತದೆ. ನಮ್ಮ ಕೈಲಿರುವುದು ಕೇಬಲ್ ಮಾತ್ರ.

ಎಂಜಿನ್ ತಣ್ಣಗಿರಲಿ. ಲಿವರ್ ತುದಿಗೆ ಸ್ಕೂಲ್ ಸ್ಕೇಲು ಹಿಡಿದು ಬೆರಳಲ್ಲಿ ಮೆಲ್ಲಗೆ ಎಳೆಯಿರಿ. ಬಿಗಿ ಸಿಗುವ ಮೊದಲು ಸಾಮಾನ್ಯವಾಗಿ 10ರಿಂದ 15 ಮಿ.ಮೀ. ಪ್ಲೇ, ಅಂದರೆ ಸಡಿಲ ಓಟ, ಇರಬೇಕು. ನಿಮ್ಮ ಗಾಡಿಯ ಪುಸ್ತಕ ಬೇರೆ ಹೇಳಿದರೆ ಅದೇ ಸರಿ. ಲಿವರ್ ಬುಡದ ಲಾಕ್ ನಟ್ ಸಡಿಲಿಸಿ ಅಡ್ಜಸ್ಟರನ್ನು ಒಳಕ್ಕೆ ತಿರುಗಿಸಿದರೆ ಪ್ಲೇ ಜಾಸ್ತಿ, ಹೊರಕ್ಕೆ ತಿರುಗಿಸಿದರೆ ಕಮ್ಮಿ. ಅಲ್ಲಿ ಥ್ರೆಡ್ ಮುಗಿದರೆ ಅದನ್ನು ಪೂರ್ತಿ ಒಳಕ್ಕೆ ಹಾಕಿ, ಎಂಜಿನ್ ಹತ್ತಿರದ ಎರಡು ನಟ್‌ಗಳಲ್ಲಿ ಸರಿಮಾಡಿ. ಆಮೇಲೆ ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ, ಪ್ಲೇ ಬದಲಾಗಬಾರದು.

ನಾನು ಒಮ್ಮೆ ಲಿವರ್ "ಟೈಟಾಗಿ ಚೆಂದ" ಇದೆ ಅಂತ ಪ್ಲೇ ಇಲ್ಲದಂತೆ ಮಾಡಿಕೊಂಡಿದ್ದೆ. ಬರುವಾಗ ಸೋಮೇಶ್ವರದಿಂದ ಘಾಟಿ ಹತ್ತುತ್ತಿದ್ದರೆ ಆರ್‌ಪಿಎಂ ಮಾತ್ರ ಏರುತ್ತಿದೆ, ಗಾಡಿ ಏರುತ್ತಿಲ್ಲ. ಪ್ಲೇ ಇಲ್ಲದೆ ಕ್ಲಚ್ ಪೂರ್ತಿ ಹಿಡಿಯದೆ ಜಾರುತ್ತಿತ್ತು. ಜೊತೆಗೆ ಸುಟ್ಟ ವಾಸನೆ. ಮನೆಗೆ ಬಂದು ಬಿಚ್ಚಿದರೆ ಎರಡು ಸ್ಟೀಲ್ ಪ್ಲೇಟು ನವಿಲುಗರಿಯ ಹಾಗೆ ನೀಲಿ! ಗಾಜಿನ ಮೇಲಿಟ್ಟು ಒತ್ತಿದರೆ ಟಕಟಕ ಅಲುಗಾಡಿದವು. ಬಾಗಿದ್ದವು, ಬಿಸಾಕಿದೆ.

ನೀವೂ ಬಿಚ್ಚುವುದಾದರೆ ಸೈಡ್ ಸ್ಟ್ಯಾಂಡ್ ಮೇಲೇ ನಿಲ್ಲಿಸಿ. ಕ್ಲಚ್ ಕವರ್ ಬಲಕ್ಕಿರುವ ಗಾಡಿಯಲ್ಲಿ ಆಯಿಲ್ ಎಡಕ್ಕೆ ಹರಿದಿರುತ್ತದೆ, ಸುಮ್ನೆ ಆಯಿಲ್ ಪೂರ್ತಿ ಇಳಿಸುವ ಕೆಲಸ ತಪ್ಪುತ್ತದೆ. ಸ್ಪ್ರಿಂಗ್ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಪ್ಲೇಟು ತೆಗೆದ ಕ್ರಮಕ್ಕೆ ಮೊಬೈಲಲ್ಲಿ ಫೋಟೋ ಇರಲಿ. ರ‍್ಯಾಂಪ್‌ಗಳ ಮೇಲೆ ಉಗುರು ಆಡಿಸಿ. ನುಣ್ಣಗಿದ್ದರೆ ಸರಿ, ಗುಳಿ ಸಿಕ್ಕಿದರೆ ಆ ಭಾಗ ಬದಲಿಸಲೇಬೇಕು, ಅರ ಹಾಕಿ ಉಜ್ಜಬೇಡಿ. ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ರಾತ್ರಿಯಿಡೀ ಎಂಜಿನ್ ಆಯಿಲಲ್ಲಿ ನೆನೆಸಿಟ್ಟು ಹಾಕಿ. ಬೋಲ್ಟ್ ಬಿಗಿಮಾಡಲು ಟಾರ್ಕ್ ರೆಂಚ್ ಬೇಕು. ಕೈಯಳತೆ ನಂಬಿದರೆ ಅಲ್ಯುಮಿನಿಯಂ ಥ್ರೆಡ್ ಕಿತ್ತುಬರುತ್ತದೆ. ಗ್ಯಾಸ್ಕೆಟ್ ಹೊಸದು. ಗಟ್ಟಿ ಸ್ಪ್ರಿಂಗ್ ಹಾಕಿ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಜಾರಲಿ ಅಂತ ತಾನೇ ಇದನ್ನು ಮಾಡಿರುವುದು?

ಆಯಿಲ್ ಡಬ್ಬದ ಮೇಲೆ ಜಾಸೊ ಎಂಎ ಅಥವಾ ಎಂಎ2 ಇರಲಿ, ಅದು ಬೈಕಿನ ಕ್ಲಚ್‌ಗೆ ಹೊಂದುವ ಆಯಿಲ್ ಎಂಬ ಗುರುತು. ಕಾರಿನ ಆಯಿಲ್ ಬೇಡ.

ಜೋರಾಗಿ ಗೇರ್ ಇಳಿಸಿದಾಗ ಲಿವರ್ ಬೆರಳಿಗೆ ಸಣ್ಣಗೆ ಮಿಡಿದರೆ ಹೆದರಬೇಡಿ, ಕ್ಲಚ್ ಜಾರುತ್ತಿದೆ ಅಷ್ಟೆ. ಬ್ಯಾಟರಿ ಕೈಕೊಟ್ಟು ತಳ್ಳಿ ಸ್ಟಾರ್ಟ್ ಮಾಡುವಾಗಲೂ ಇದು ಜಾರುತ್ತದೆ. ಒಂದನೇ ಗೇರಲ್ಲಿ ಬೆವರು ಸುರಿಸುವ ಬದಲು ಇಳಿಜಾರು ಹುಡುಕಿ, ಎರಡು ಅಥವಾ ಮೂರರಲ್ಲಿ ಕ್ಲಚ್ ಬಿಡಿ.