ಬಿಚ್ಚಿ ಕಲಿತ ರವಿಕೆ

"ಟಿಕೆಟ್ ಹರಿದ ಹಾಗೆ ಬಟ್ಟೆ ಹರೀತಾನೆ, ನೋಡ್ತಾ ಇರಿ" ಅಂತ ಭಾವ ಹೇಳಿದ್ದು ನನ್ನ ಎದುರೇ. 26 ವರ್ಷ ಉಡುಪಿ–ಮಂಗಳೂರು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವ 52ಕ್ಕೆ ಹೆಂಡತಿಯ ರವಿಕೆ ಹೊಲಿಯಲು ಕೂತರೆ ಯಾರಾದರೂ ನಗುವುದೇ. ಕಳೆದ ಡಿಸೆಂಬರಿನಲ್ಲಿ ಅದೇ ಭಾವನ ಮಗಳ ಮದುವೆ. ನನ್ನವಳ ಮೈಮೇಲೆ ಇದ್ದ ರವಿಕೆ ನಾನು ಹೊಲಿದದ್ದು, ಮದುಮಗಳ ತಾಯಿ ನನ್ನ ಅಕ್ಕನದ್ದೂ ನಾನೇ ಹೊಲಿದದ್ದು. ಊಟದ ಹಂತಿಯಲ್ಲಿ ಮೂರು ಜನ "ಎಲ್ಲಿ ಕೊಟ್ಟದ್ದು?" ಅಂತ ಕೇಳಿದರಂತೆ. ಹಾಗಾಗಿ ಈಗ ಧೈರ್ಯವಾಗಿ ಬರೆಯಬಹುದು.

ಶುರುವಾದದ್ದು ಆಸೆಯಿಂದ ಅಲ್ಲ. ಕಟಪಾಡಿಯಲ್ಲಿ ಒಬ್ಬರು ಹಳೆ ದರ್ಜಿ ಇದ್ದರು, 20 ವರ್ಷ ಹೆಂಡತಿಯ ರವಿಕೆ ಅವರದ್ದೇ. ಕಣ್ಣು ಮಂಜಾಯಿತು, ಅಂಗಡಿ ಮುಚ್ಚಿದರು. ಆಮೇಲೆ ಎಲ್ಲಿ ಕೊಟ್ಟರೂ ಒಂದೇ ಕತೆ: ಹಿಂದಿನ ಅಂಚು ಮೇಲೆ ಹೋಗುವುದು, ಮುಂದಿನ ಕುತ್ತಿಗೆ ಗಂಟಲಿಗೆ ಬರುವುದು. ಸಾದಾ ರವಿಕೆಗೆ 400, ಲೈನಿಂಗ್ ಹಾಕಿದರೆ 700. ಕೊಟ್ಟು ಬಂದು ಕಪಾಟಿನಲ್ಲಿ ಮಡಚಿ ಇಡುವುದು.

ಮೆಷಿನ್ ಮೊದಲೇ ಇತ್ತು. 2020ರಲ್ಲಿ ಬಸ್ಸು ನಿಂತಾಗ ಚಿಕ್ಕಮ್ಮನ ಮನೆ ಅಟ್ಟದಿಂದ ಇಳಿಸಿದ ಕಾಲು ಮೆಷಿನ್. ಬೆಲ್ಟು, ಬಾಬಿನ್ ಕೇಸು, ರಿಪೇರಿಯವನ ಕೂಲಿ ಎಲ್ಲ ಸೇರಿ 1,100ರ ಹತ್ತಿರ. ಮೊದಲ ವಾರ ಚಕ್ರ ಹಿಂದಕ್ಕೇ ತಿರುಗುತ್ತಿತ್ತು, ದಾರ ತುಂಡಾಗುತ್ತಿತ್ತು. ಮನೆಯಲ್ಲಿ ಹಳೆ ಟ್ರಿಪ್ ಶೀಟುಗಳ ಕಟ್ಟೇ ಇತ್ತು. ದಾರ ತೆಗೆದು ಬರೀ ಸೂಜಿಯಲ್ಲಿ ಅದರ ಗೆರೆಗಳ ಮೇಲೆ ತೂತು ಹಾಕುತ್ತಾ ಹೋದೆ. ಸುಮಾರು 60 ಶೀಟು ಆದ ಮೇಲೆ ಕಾಲಿಗೆ ಬುದ್ಧಿ ಬಂತು. (ಆ ಸೂಜಿ ಮೊಂಡಾಗುತ್ತದೆ, ಅದರಲ್ಲೇ ಬಟ್ಟೆ ಹೊಲಿಯಬೇಡಿ.) ಆ ವರ್ಷ ಮಾಸ್ಕ್ ಹೊಲಿದು ಒಂದಕ್ಕೆ 15ರಂತೆ ಮಾರಿದೆ, ಸೀದಾ ಹೊಲಿಗೆ ಕೈಗೆ ಕೂತಿತು.

2022ರಲ್ಲಿ ಕ್ಲಾಸಿಗೆ ಸೇರಿದೆ. ತಿಂಗಳಿಗೆ 1,500, ಮೂರು ತಿಂಗಳು. ಹದಿನಾಲ್ಕು ಹೆಂಗಸರು, ನಾನೊಬ್ಬ ಗಂಡಸು. ಟೀಚರ್ ಒಳ್ಳೆಯವರೇ. ಆದರೆ ಎಲ್ಲವೂ ಸೂತ್ರ: ಎದೆಯಳತೆಯ ನಾಲ್ಕನೇ ಒಂದು, ಆರನೇ ಒಂದು. ಸೂತ್ರದ ಪ್ರಕಾರ ಹೊಲಿದ ಮೊದಲ ರವಿಕೆಗೆ ಎರಡೂ ಬಲತೋಳು. ನಗಬೇಡಿ, ನೀವೂ ಮಾಡಿರುತ್ತೀರಿ. ಎರಡನೆಯದು ಸರಿ ಬಂತು, ಒಗೆದ ಮೇಲೆ ಅವಳ ತಂಗಿಗೆ ಆಗುವಷ್ಟಾಯಿತು. ಬಟ್ಟೆ ನೆನೆಹಾಕಿರಲಿಲ್ಲ. ಮೂರನೆಯದು ನನ್ನನ್ನು ನಿಜವಾಗಿ ಸೋಲಿಸಿದ್ದು.

"ಕಂಕುಳಲ್ಲಿ ಹಿಡೀತದೆ" ಅಂದಳು. ಹಿಡಿದರೆ ಕೊರೆಯುವುದು ಅಂತ ನನ್ನ ಲೆಕ್ಕ. ಕಾಲಿಂಚು ಕೊರೆದೆ. ಇನ್ನೂ ಹಿಡಿಯಿತು, ಮತ್ತೆ ಕಾಲಿಂಚು. ಆಮೇಲೆ ಅವಳು ಬಸ್ಸಿನ ಸರಳು ಹಿಡಿದ ಹಾಗೆ ಕೈ ಎತ್ತಿ ತೋರಿಸಿದಳು. ಇಡೀ ರವಿಕೆ ಕೈಯ ಜೊತೆ ಮೇಲೆ ಬಂತು. "ಎಂಚಿನ ಮಾರಾಯ್ರೆ ಇದು, ನಾನು ಕೈ ಕೆಳಗೆ ಹಾಕಿಕೊಂಡೇ ಮದುವೆಗೆ ಹೋಗುದಾ?" ಹೀಗೆ ಒಟ್ಟು ಏಳು ರವಿಕೆ ಹಾಳು ಮಾಡಿದೆ.

ಆಮೇಲೆ ಬಂದ ಯೋಚನೆಯೇ ಈ ಬರಹದ ವಿಷಯ. ಆ ಹಳೆ ದರ್ಜಿ ಹೊಲಿದ ಕೊನೆಯ ರವಿಕೆ ಒಂದು ಉಳಿದಿತ್ತು. ಅದನ್ನು ಬಿಚ್ಚಿ ನೋಡುತ್ತೇನೆ ಅಂದಾಗ ಟೀಚರ್ ಬೇಡ ಅಂದರು. "ಹಾಕಿದ ಬಟ್ಟೆ ಎಳೆದು ಜಗ್ಗಿರ್ತದೆ, ಅದರಿಂದ ಅಳತೆ ತೆಗೆದರೆ ಜಗ್ಗಿದ್ದೇ ಬರ್ತದೆ." ಬಸ್‌ಸ್ಟ್ಯಾಂಡಿನ ಹತ್ತಿರದ ಟೈಲರ್ ಒಬ್ಬರು ಇನ್ನೂ ಮುಂದೆ ಹೋಗಿ, ಟೇಪು ಹಿಡಿಯಲು ಬಾರದವರ ಕೆಲಸ ಅದು ಅಂದರು. ಹೆಂಡತಿ ಮಾತ್ರ ರವಿಕೆ ತಂದು ಮೇಜಿನ ಮೇಲೆ ಇಟ್ಟಳು. ಇದ್ದ ಒಂದೇ ಒಂದು ಸರಿಯಾದ ರವಿಕೆ.

ಟೀಚರ್ ಹೇಳಿದ್ದರಲ್ಲಿ ಅರ್ಧ ಸತ್ಯ. ಅದಕ್ಕೇ ಎಡಭಾಗ ಮಾತ್ರ ಬಿಚ್ಚಿದೆ. ಬಲಭಾಗ ಹಾಗೇ ಇರಲಿ, ಯಾವ ಹೊಲಿಗೆ ಮೊದಲು, ಯಾವುದು ಆಮೇಲೆ ಅಂತ ನೋಡಲು ಬೇಕು. ಬಿಚ್ಚುವ ಮೊದಲೇ ಪ್ರತಿ ತುಂಡಿನ ಮೇಲೆ ಉದ್ದದ ಎಳೆ ಹಿಡಿದು ಕೆಂಪು ದಾರ ಓಡಿಸಿದೆ, ತೋಳೂ ಹೆಗಲೂ ಸೇರುವ ಕಡೆ ಗಂಟು ಹಾಕಿದೆ. ಅರ್ಧ ಬ್ಲೇಡಿನಲ್ಲಿ ಮೂರು ಹೊಲಿಗೆಗೆ ಒಂದು ಕೊಯ್ದು ಇನ್ನೊಂದು ಬದಿಯ ದಾರ ಎಳೆದರೆ ಬಟ್ಟೆಗೆ ನೋವಿಲ್ಲ. ತುಂಡುಗಳಿಗೆ ನೀರು ಚಿಮುಕಿಸಿ ಇಸ್ತ್ರಿ ಇಟ್ಟು ಒತ್ತಿದೆ. ಉಜ್ಜಬಾರದು, ಉಜ್ಜಿದರೆ ಓರೆ ಅಂಚು ಇನ್ನೂ ಜಗ್ಗುತ್ತದೆ. ಕಾಗದದ ಮೇಲಿಟ್ಟು ಹೊಲಿಗೆಯ ಗೆರೆಯಲ್ಲೇ ಗುಂಡುಪಿನ್ನು ಚುಚ್ಚುತ್ತಾ ಹೋದೆ. ಜಗ್ಗಿದ ಕಡೆ ತಾನಾಗಿಯೇ ಗೊತ್ತಾಗುತ್ತದೆ: ಒಂದಕ್ಕೊಂದು ಸೇರಬೇಕಾದ ಎರಡು ಗೆರೆ ಉದ್ದದಲ್ಲಿ ಹೊಂದುವುದಿಲ್ಲ. ಅಲ್ಲಿ ಸಣ್ಣದನ್ನು ನಂಬಿದೆ.

ಕಾಗದದ ಮೇಲೆ ಎರಡು ಸಂಗತಿ ಕಂಡವು. ಒಂದು, ಅವರ ಕಂಕುಳ ಕೊರೆತ ನನ್ನದಕ್ಕಿಂತ ಮುಕ್ಕಾಲು ಇಂಚು ಮೇಲೆ ಇತ್ತು. ಕೊರೆದಷ್ಟೂ ಕೈ ಕಟ್ಟಿಹಾಕಿದ ಹಾಗೆ, ಮೇಲೆ ಇದ್ದಷ್ಟೂ ಕೈ ಸಲೀಸು. ಹಿಡಿಯುತ್ತಿದ್ದದ್ದು ಬೆನ್ನಿನ ಅಗಲ ಸಾಲದೆ, ನಾನು ಕಂಕುಳನ್ನು ಬೈಯುತ್ತಿದ್ದೆ. ಎರಡನೆಯದು ಬೆನ್ನಿನ ತುಂಡು. ಕುತ್ತಿಗೆಗೂ ಕಂಕುಳಿಗೂ ನಡುವೆ ನನ್ನದಕ್ಕಿಂತ ಅರ್ಧ ಇಂಚಿಗೂ ಮಿಕ್ಕಿ ಉದ್ದ, ಹೆಗಲಿನ ಹೊಲಿಗೆ ಸ್ವಲ್ಪ ಮುಂದಕ್ಕೆ. ಇದೇಕೆ ಅಂತ ಅವಳತ್ತ ನೋಡಿದೆ. ಮಡಿಲಲ್ಲಿ ತಡ್ಪೆ (ಮೊರ), ತಲೆ ತಗ್ಗಿಸಿ ಬೀಡಿ ಕಟ್ಟುತ್ತಾ ಕೂತಿದ್ದಳು. ಹುಡುಗಿಯಾಗಿದ್ದಾಗಿನಿಂದ ಹಾಗೇ ಕೂತ ಬೆನ್ನು ಅದು, ದುಂಡಾಗಿದೆ. ಸೂತ್ರಕ್ಕೆ ಅದು ಗೊತ್ತಿಲ್ಲ. ಆ ದರ್ಜಿಗೆ ಗೊತ್ತಿತ್ತು, 20 ವರ್ಷ ಬಾಯಿಬಿಟ್ಟು ಹೇಳಿರಲಿಲ್ಲ.

ಕಾಗದದ ವಿಷಯದಲ್ಲಿ ಒಂದು ಪೆಟ್ಟು ತಿಂದೆ. ಮೊದಲು ಹಳೆ ಪೇಪರಿನ ಮೇಲೆ ಮಾಡಿದ್ದು. ಆಟಿ ತಿಂಗಳ ಮಳೆಯ ತೇವಕ್ಕೆ ಬಿಳಿ ಬಟ್ಟೆಗೆ ಶಾಯಿ ಹತ್ತಿತು, ಹೋಗಲಿಲ್ಲ. ಈಗ ಬ್ರೌನ್ ಪೇಪರ್. ಪರೀಕ್ಷೆಗೆ ನನ್ನ ಹಳೆ ಪಂಚೆ, ದೊಡ್ಡ ಹೊಲಿಗೆ. ಒಂದು ಸಲಕ್ಕೆ ಒಂದೇ ಬದಲಾವಣೆ, ತಾರೀಕು ಹಾಕಿ ಕಾಗದದಲ್ಲೇ ಬರೆಯುವುದು. ಮೂರು ಪಂಚೆ ಹೋಯಿತು, ನಾಲ್ಕನೆಯದಕ್ಕೆ ಅವಳು ಸರಳು ಹಿಡಿದ ಹಾಗೆ ಕೈ ಎತ್ತಿದಾಗ ಅಂಚು ಅಲ್ಲಾಡಲಿಲ್ಲ.

ತೋಳು ಕೂರಿಸುವಾಗ ಸುಕ್ಕು ಬಾರದ ಹಾಗೆ ನಾನು ಮಾಡುವ ಒಂದು ಕೆಲಸ ಉಂಟು. ಅದಕ್ಕೆ ನನಗೆ ಎರಡು ಮಳೆಗಾಲ ಹಿಡಿದಿದೆ, ಇಲ್ಲಿ ಬರೆಯುವುದಿಲ್ಲ.

ಮಳೆಗಾಲ ಅಂದದ್ದಕ್ಕೆ: ಜೂನ್ ಬಂದರೆ ಮೆಷಿನಿನ ಚರ್ಮದ ಬೆಲ್ಟು ಸಡಿಲಾಗುತ್ತದೆ, ಸ್ವಲ್ಪ ತುಂಡು ಮಾಡಿ ಕ್ಲಿಪ್ಪು ಮತ್ತೆ ಹಾಕಿ. ನೆನೆಹಾಕಿದ ಲೈನಿಂಗ್ ಎರಡು ದಿನ ಒಣಗುವುದಿಲ್ಲ, ಮುಗ್ಗಲು ವಾಸನೆ ಬರುತ್ತದೆ, ಅರ್ಧ ಒಣಗಿದಾಗಲೇ ಇಸ್ತ್ರಿ ಹಾಕಿ. ಅದೇ ಬೇಜಾರಿಗೆ ಕಡ್ಡಿ ಮುರಿದ ಕೊಡೆಗಳ ಬಟ್ಟೆ ಬಿಚ್ಚಿ ಚೀಲ ಹೊಲಿದೆ. ಹೊಲಿಗೆಯ ತೂತಿನಿಂದ ನೀರು ಬರುತ್ತಿತ್ತು, ಮೇಣದಬತ್ತಿ ಉಜ್ಜಿ ಬಿಸಿ ಇಸ್ತ್ರಿ ಮುಟ್ಟಿಸಿದೆ, ಒಂದು ಮಳೆಗಾಲ ಬಾಳಿಕೆ ಬಂತು. ಕಂಡಕ್ಟರ್ ಬ್ಯಾಗಿನ ಚರ್ಮದ ಪಟ್ಟಿಗೂ ಕೈ ಹಾಕಿದೆ. 16 ನಂಬರಿನ ಸೂಜಿ ಮೂರು ಮುರಿದು, ಇನ್ನೂ ದಪ್ಪದ 18ರಲ್ಲಿ ಚಕ್ರ ಕೈಯಲ್ಲೇ ತಿರುಗಿಸಿ ಮುಗಿಸಿದೆ. ಅಳಿಯನ ಹೆಗಲಲ್ಲಿ ಇನ್ನೂ ಉಂಟು ಅದು.

ದುಡ್ಡಿನ ಲೆಕ್ಕ: ಕ್ಲಾಸು 4,500, ಮೆಷಿನ್ 1,100, ಕತ್ತರಿ 650, ಇಸ್ತ್ರಿಪೆಟ್ಟಿಗೆ 900, ಹಾಳಾದ ಬಟ್ಟೆ ದಾರ ಎಲ್ಲ 2,000. ಒಂಬತ್ತು ಸಾವಿರದ ಆಚೀಚೆ. ಇಲ್ಲಿವರೆಗೆ 40 ರವಿಕೆ ಹೊಲಿದಿರಬಹುದು, ಅಕ್ಕಪಕ್ಕದವರಿಗೆ ಒಂದಕ್ಕೆ 250 ರೂಪಾಯಿ. ಹೊರಗೆ ಕೊಡುವ ಕಾಸು ಉಳಿದದ್ದು ಸೇರಿದರೆ ಹಾಕಿದ್ದು ಬಂತು. ಹೊಸಬರಿಗೆ ಒಂದೇ ಷರತ್ತು: ಸರಿ ಕೂರುವ ಹಳೆ ರವಿಕೆ ತರಬೇಕು, ಎಡಭಾಗ ಬಿಚ್ಚಲು ಒಪ್ಪಬೇಕು. ಅರ್ಧ ಜನ ಅಲ್ಲಿಂದಲೇ ವಾಪಸ್.

ಕಟೋರಿ, ಅಂದರೆ ಎದೆಯ ಭಾಗ ಬಟ್ಟಲಿನ ಹಾಗೆ ಬೇರೆ ತುಂಡಿನಲ್ಲಿ ಬರುವ ರವಿಕೆ, ಇನ್ನೂ ಕೈ ಹಿಡಿದಿಲ್ಲ. ಭಾವನೇ ಮೊನ್ನೆ ಅಕ್ಕನ ಒಂದು ಕಟೋರಿ ರವಿಕೆ ಚೀಲದಲ್ಲಿ ತಂದು, "ಇದನ್ನೂ ಬಿಚ್ಚಿ ಹಾಕು ಮಾರಾಯ" ಅಂತ ಇಟ್ಟು ಹೋಗಿದ್ದಾನೆ. ಕೆಂಪು ದಾರ ಓಡಿಸಿ ಆಗಿದೆ, ಬ್ಲೇಡು ಹೊಸದು ತರಬೇಕು.